ಗಡೀಪಾರಿನ ಆದೇಶವಾದ ಮೇಲೆ ಎಷ್ಟು ದಿನ ಕೂಡಿಹಾಕಬಹುದು?

ಪ್ರಶ್ನೆ: ನನ್ನ ಅಕ್ಕನ ಮಗ ಓದಲೆಂದು ಅಮೆರಿಕಕ್ಕೆ ಹೋದವನು ವೀಸಾ ಮುಗಿದ ಮೇಲೂ ಅಲ್ಲೇ ಉಳಿದುಬಿಟ್ಟ. ಈಗ ಟೆಕ್ಸಾಸ್‌ನ ಒಂದು ಡಿಟೆನ್ಷನ್ ಸೆಂಟರಿನಲ್ಲಿದ್ದಾನೆ. ಭಾರತಕ್ಕೆ ವಾಪಸ್ ಕಳಿಸಬೇಕೆಂದು ಜಡ್ಜ್ ಆದೇಶ ಮಾಡಿ ನಾಲ್ಕು ತಿಂಗಳಾಯಿತು. ಅವನೂ ಬರಲು ಒಪ್ಪಿದ್ದಾನೆ. ಆದರೂ ಕಳಿಸುತ್ತಿಲ್ಲ, ಬಿಡುತ್ತಲೂ ಇಲ್ಲ. ತೊಂಬತ್ತು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ ಎಂದು ಒಬ್ಬರು ಹೇಳುತ್ತಾರೆ, ಆರು ತಿಂಗಳಾದ ಕೂಡಲೇ ಬಿಡಲೇಬೇಕು ಎಂದು ಇನ್ನೊಬ್ಬರು. ಯಾವುದು ಸರಿ? ನಮ್ಮ ದೇಶದಲ್ಲೂ ಇಂಥ ಮಿತಿ ಇದೆಯೇ?
— ಓದುಗರು, ದಾವಣಗೆರೆ

ಉತ್ತರ: ಎರಡೂ ಲೆಕ್ಕ ಕಾನೂನಿನಲ್ಲಿವೆ. ಆದರೆ ಎರಡರಲ್ಲಿ ಯಾವುದೂ ಬಾಗಿಲು ತಾನಾಗಿ ತೆರೆದುಕೊಳ್ಳುವ ದಿನವಲ್ಲ. ತೊಂಬತ್ತು ದಿನ ಎಂಬುದು ಅಮೆರಿಕದ ಸಂಸತ್ತು ತನ್ನ ಸರ್ಕಾರಕ್ಕೆ ಹಾಕಿದ ಗಡುವು. ಆರು ತಿಂಗಳು ಎಂಬುದು ಅಲ್ಲಿನ ಸುಪ್ರೀಂ ಕೋರ್ಟ್ ಎಳೆದ ಗೆರೆ. ಅದನ್ನು ದಾಟಿದ ಮೇಲೆ ಬಂಧನದಲ್ಲಿರುವವರು ‘ನನ್ನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ’ ಎಂದು ಕೋರ್ಟಿಗೆ ಹೋಗಿ ಕೇಳಬಹುದು. ಕೇಳುವವರಿಲ್ಲದಿದ್ದರೆ ಆ ದಿನವೂ ಉಳಿದ ದಿನಗಳ ಹಾಗೆ ಕಳೆದುಹೋಗುತ್ತದೆ. ನಿಮ್ಮ ಅಕ್ಕನ ಮಗನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಆರು ತಿಂಗಳ ತೀರ್ಪು ಬಂದದ್ದು ಯಾವ ದೇಶವೂ ಸೇರಿಸಿಕೊಳ್ಳದ ಮನುಷ್ಯರ ಪ್ರಕರಣದಲ್ಲಿ. ಅವನನ್ನು ಸೇರಿಸಿಕೊಳ್ಳಲು ಒಂದು ದೇಶವಿದೆ, ಬೇಕಾಗಿರುವುದು ಕಾಗದ.

ಮೊದಲು ತೊಂಬತ್ತು ದಿನ. ಅಮೆರಿಕದ ವಲಸೆ ಕಾನೂನಿನ ಸೆಕ್ಷನ್ 1231ರ ಪ್ರಕಾರ ಗಡೀಪಾರಿನ ಆದೇಶ ಅಂತಿಮವಾದ 90 ದಿನಗಳೊಳಗೆ ಆ ವ್ಯಕ್ತಿಯನ್ನು ದೇಶದಿಂದ ಕಳಿಸಬೇಕು, ಅಷ್ಟೂ ದಿನ ಬಂಧನದಲ್ಲಿ ಇಡಬೇಕು. ಇದು 1996ರ ತಿದ್ದುಪಡಿಯಲ್ಲಿ ಬಂದದ್ದು. ಅದಕ್ಕೆ ಮುಂಚೆ, 1952ರ ಕಾಯ್ದೆಯಲ್ಲಿ, ಈ ಅವಧಿ ಆರು ತಿಂಗಳಿತ್ತು. ಇಲ್ಲಿ ‘ಅಂತಿಮವಾದ’ ದಿನ ಯಾವುದು ಎಂಬುದರ ಮೇಲೆ ಎಲ್ಲ ಎಣಿಕೆಯೂ ನಿಂತಿದೆ. ಜಡ್ಜ್ ಆದೇಶ ಓದಿದ ದಿನವೇ ಎಣಿಕೆ ಶುರುವಾಗುತ್ತದೆ ಎಂದುಕೊಳ್ಳಬೇಡಿ. ಅಪೀಲು ಮಾಡುವುದಿಲ್ಲ ಎಂದು ಅಲ್ಲೇ ಹೇಳಿದ್ದರೆ ಅದೇ ದಿನ ಅಂತಿಮ. ಹಾಗೆ ಹೇಳದೆ ಸುಮ್ಮನಿದ್ದರೆ ಅಪೀಲಿನ ಗಡುವು ಮುಗಿದ ದಿನ. ಅಪೀಲು ಹಾಕಿದ್ದರೆ ವಲಸೆ ಮೇಲ್ಮನವಿ ಮಂಡಳಿ ಅದನ್ನು ವಜಾ ಮಾಡಿದ ದಿನ. ಅಲ್ಲಿಂದಲೂ ಮೇಲೆ ಹೋಗಿ ಫೆಡರಲ್ ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರೆ, ಆ ಕೋರ್ಟಿನ ಅಂತಿಮ ತೀರ್ಪಿನ ದಿನ. ನೀವು ನಾಲ್ಕು ತಿಂಗಳು ಎಂದು ಬರೆದಿದ್ದೀರಿ. ಕಾನೂನಿನ ಲೆಕ್ಕದಲ್ಲಿ ಅದು ಮೂರೇ ತಿಂಗಳಿರಬಹುದು.

ಈ ಎಣಿಕೆಯನ್ನು ನಿಲ್ಲಿಸಿಬಿಡುವ ಸಂದರ್ಭವೂ ಒಂದಿದೆ. ಪ್ರಯಾಣದ ದಾಖಲೆಗೆ ಅರ್ಜಿ ಹಾಕಲು, ಸಹಿ ಮಾಡಲು, ದೂತಾವಾಸದವರ ಜೊತೆ ಮಾತನಾಡಲು ನಿರಾಕರಿಸಿದರೆ 90 ದಿನದ ಅವಧಿ ಬೆಳೆಯುತ್ತಲೇ ಹೋಗುತ್ತದೆ. ‘ಸಹಿ ಮಾಡಬೇಡ, ಆರು ತಿಂಗಳು ಕಳೆದರೆ ಹೇಗೂ ಬಿಡುತ್ತಾರೆ’ ಎಂದು ಬುದ್ಧಿ ಹೇಳುವವರು ಒಳಗೂ ಇರುತ್ತಾರೆ, ಹೊರಗೂ ಇರುತ್ತಾರೆ. ಅವರ ಮಾತು ಕೇಳಿದವರು ಆರು ತಿಂಗಳ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾರೆ. ಸಾಲದ್ದಕ್ಕೆ ಹಾಗೆ ಅಡ್ಡಿ ಮಾಡುವುದು ಪ್ರತ್ಯೇಕ ಅಪರಾಧವೂ ಆಗುತ್ತದೆ.

ತೊಂಬತ್ತು ದಿನ ಮುಗಿದರೂ ಕಳಿಸಲಾಗದಿದ್ದರೆ ಏನು? ಸಾಮಾನ್ಯ ನಿಯಮ, ನಿಗಾ ಆದೇಶದ ಮೇಲೆ ಹೊರಗೆ ಬಿಡಬೇಕು ಎಂಬುದು. ಆದರೆ ಅದೇ ಸೆಕ್ಷನ್ನಿನ ಇನ್ನೊಂದು ಉಪಕಲಂ, ಕೆಲವು ಬಗೆಯವರನ್ನು ‘ಅವಧಿ ಮೀರಿಯೂ ಇಟ್ಟುಕೊಳ್ಳಬಹುದು’ ಎನ್ನುತ್ತದೆ. ಅಪರಾಧ ಮಾಡಿದವರು, ಓಡಿಹೋಗಬಹುದು ಎಂದು ಅಧಿಕಾರಿಗಳಿಗೆ ಅನಿಸಿದವರು ಮಾತ್ರವಲ್ಲ, ವೀಸಾ ನಿಯಮ ಮುರಿದವರೂ ಈ ಪಟ್ಟಿಯಲ್ಲಿದ್ದಾರೆ. ಎಷ್ಟು ದಿನ ಮೀರಬಹುದು ಎಂದು ಅಲ್ಲಿ ಬರೆದಿಲ್ಲ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಈ ಮೌನವೇ ದೊಡ್ಡ ಪ್ರಶ್ನೆಯಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂತು.

ಬಂದವರು ಇಬ್ಬರು. ಕೆಸ್ಟುಟಿಸ್ ಜಾಡ್ವಿಡಾಸ್ ಹುಟ್ಟಿದ್ದು 1948ರಲ್ಲಿ, ಜರ್ಮನಿಯ ನಿರಾಶ್ರಿತರ ಶಿಬಿರವೊಂದರಲ್ಲಿ, ಬಹುಶಃ ಲಿಥುವೇನಿಯಾ ಮೂಲದ ತಂದೆತಾಯಿಗೆ. ಎಂಟನೆಯ ವಯಸ್ಸಿಗೆ ಅಮೆರಿಕಕ್ಕೆ ಬಂದ. ಕಳ್ಳತನ, ಮಾದಕ ವಸ್ತುವಿನ ಪ್ರಕರಣಗಳಲ್ಲಿ ಶಿಕ್ಷೆಯಾಗಿ 1994ರಲ್ಲಿ ಗಡೀಪಾರಿಗೆ ಆದೇಶವಾಯಿತು. ಜರ್ಮನಿ ‘ಇವನು ನಮ್ಮ ಪ್ರಜೆಯಲ್ಲ’ ಎಂದಿತು. ಲಿಥುವೇನಿಯಾವೂ ಬೇಡವೆಂದಿತು. ಹೆಂಡತಿಯ ದೇಶವಾದ ಡೊಮಿನಿಕನ್ ಗಣರಾಜ್ಯವನ್ನೂ ಕೇಳಿ ನೋಡಿದರು, ಅದೂ ಆಗಲಿಲ್ಲ. ಇನ್ನೊಬ್ಬ ಕಿಮ್ ಹೋ ಮಾ. ಕಾಂಬೋಡಿಯಾದಲ್ಲಿ ಹುಟ್ಟಿ, ಎರಡು ವರ್ಷದ ಕೂಸಾಗಿದ್ದಾಗ ಮನೆಯವರ ಜೊತೆ ಊರು ಬಿಟ್ಟು, ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದು ಏಳನೆಯ ವಯಸ್ಸಿಗೆ ಅಮೆರಿಕ ಸೇರಿದ ಹುಡುಗ. ಹದಿನೇಳರಲ್ಲಿ ಗ್ಯಾಂಗ್ ಗುಂಡಿನ ದಾಳಿಯೊಂದರಲ್ಲಿ ಸಿಕ್ಕಿಬಿದ್ದು ನರಹತ್ಯೆಗೆ ಶಿಕ್ಷೆ ಅನುಭವಿಸಿದ. ಆಗ ಕಾಂಬೋಡಿಯಾಕ್ಕೂ ಅಮೆರಿಕಕ್ಕೂ ಜನರನ್ನು ವಾಪಸ್ ಪಡೆಯುವ ಒಪ್ಪಂದವೇ ಇರಲಿಲ್ಲ. ಇಬ್ಬರದೂ ಶಿಕ್ಷೆ ಮುಗಿದಿತ್ತು. ಮುಗಿದ ಮೇಲೂ ಕೂಡಿಹಾಕಿದ್ದು ಕಳಿಸುವುದಕ್ಕಾಗಿ, ಆದರೆ ಕಳಿಸಲು ಜಾಗವಿರಲಿಲ್ಲ.

2001ರ ಜೂನ್ 28ರಂದು ಐದು–ನಾಲ್ಕರ ಬಹುಮತದಲ್ಲಿ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್. ಈ ಬಂಧನ ಶಿಕ್ಷೆಯಲ್ಲ, ದೇಶದಿಂದ ಕಳಿಸುವ ಕೆಲಸಕ್ಕೆ ಒದಗಲೆಂದು ಇರುವ ಏರ್ಪಾಡು, ಕಳಿಸುವುದೇ ಸಾಧ್ಯವಿಲ್ಲ ಎಂದಾದರೆ ಬಂಧನಕ್ಕೆ ಆಧಾರವೂ ಉಳಿಯುವುದಿಲ್ಲ ಎಂಬುದು ಅದರ ತಿರುಳು. ಆರು ತಿಂಗಳವರೆಗಿನ ಬಂಧನವನ್ನು ನ್ಯಾಯವಾದದ್ದೆಂದು ಇಟ್ಟುಕೊಳ್ಳಬಹುದು. ಆಮೇಲೆ, ಹತ್ತಿರದ ದಿನಗಳಲ್ಲಿ ತನ್ನನ್ನು ಕಳಿಸುವ ಸಾಧ್ಯತೆ ಕಾಣುತ್ತಿಲ್ಲ ಎನ್ನಲು ಬಂಧಿತ ಸರಿಯಾದ ಕಾರಣ ಕೊಟ್ಟರೆ, ಅದನ್ನು ಪುರಾವೆ ಸಮೇತ ಅಲ್ಲಗಳೆಯುವ ಹೊಣೆ ಸರ್ಕಾರದ್ದು. ಅಲ್ಲಗಳೆಯಲಾಗದಿದ್ದರೆ ಬಿಡಬೇಕು. ಬಂಧನ ಉದ್ದವಾದಷ್ಟೂ ‘ಹತ್ತಿರದ ದಿನಗಳು’ ಎಂಬ ಅಳತೆ ಚಿಕ್ಕದಾಗುತ್ತ ಬರಬೇಕು ಎಂದೂ ಕೋರ್ಟ್ ಹೇಳಿತು. ನನ್ನ ಮಟ್ಟಿಗೆ ಆ ತೀರ್ಪಿನ ಅತ್ಯಂತ ಮಾನವೀಯ ಮಾತು ಇದು. ಎರಡು ವರ್ಷ ಕಾದವನಿಗೆ ‘ಇನ್ನೂ ಆರು ತಿಂಗಳು ನೋಡೋಣ’ ಎಂದು ಹೇಳಿಕೊಂಡು ಹೋಗುವಂತಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು. ತೊಂಬತ್ತು ದಿನದ ಮೇಲೆ ಮತ್ತೆ ಆರು ತಿಂಗಳು ಎಂದು ಕೂಡಿಸುವವರಿದ್ದಾರೆ. ತೊಂಬತ್ತು ದಿನ ಆ ಆರು ತಿಂಗಳ ಒಳಗೇ ಸೇರುತ್ತದೆ. ಬಿಡುಗಡೆ ಎಂದರೆ ಅಮೆರಿಕದಲ್ಲಿ ಉಳಿಯುವ ಹಕ್ಕೂ ಅಲ್ಲ. ಕಿಮ್ ಹೋ ಮಾ ಗೆದ್ದ ಮರುವರ್ಷವೇ, 2002ರಲ್ಲಿ, ಕಾಂಬೋಡಿಯಾ ಒಪ್ಪಂದಕ್ಕೆ ಸಹಿ ಹಾಕಿತು. ಅವನ ಹೆಸರು ಹೊತ್ತ ತೀರ್ಪು ಕಾನೂನಿನ ಪುಸ್ತಕದಲ್ಲಿ ಉಳಿಯಿತು, ಅವನನ್ನು ಮಾತ್ರ ತನಗೆ ನೆನಪೇ ಇಲ್ಲದ ದೇಶಕ್ಕೆ ಕಳಿಸಿದರು.

2005ರಲ್ಲಿ ಇದೇ ರಕ್ಷಣೆ ಗಡಿಯಲ್ಲೇ ತಡೆಹಿಡಿಯಲ್ಪಟ್ಟವರಿಗೂ ಸಿಕ್ಕಿತು. ಆಮೇಲಿನ ವರ್ಷಗಳಲ್ಲಿ ಗಾಳಿ ಬೇರೆ ಕಡೆ ಬೀಸಿದೆ. ಆರು ತಿಂಗಳಾದವರಿಗೆ ಜಡ್ಜ್ ಮುಂದೆ ಜಾಮೀನು ವಿಚಾರಣೆ ಕೊಡಲೇಬೇಕೆಂದು ಈ ಸೆಕ್ಷನ್ ಹೇಳುವುದಿಲ್ಲ ಎಂದು 2022ರಲ್ಲಿ ಅದೇ ಕೋರ್ಟ್ ತೀರ್ಮಾನಿಸಿತು. ಅದೇ ದಿನ ಬಂದ ಮತ್ತೊಂದು ತೀರ್ಪು, ಕೆಳ ಕೋರ್ಟುಗಳು ಇಂಥವರ ಇಡೀ ಗುಂಪಿಗೆ ಅನ್ವಯವಾಗುವಂತೆ ಸರ್ಕಾರಕ್ಕೆ ಆದೇಶ ಕೊಡುವಂತಿಲ್ಲ ಎಂದಿತು. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಅರ್ಜಿಯನ್ನು ತಾವೇ ಹೊತ್ತುಕೊಂಡು ಹೋಗಬೇಕು. ಇಂಗ್ಲಿಷ್ ಬಾರದ, ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದ ಮನುಷ್ಯನಿಗೆ ಇದರ ಅರ್ಥ ಏನು ಎಂದು ವಿವರಿಸಬೇಕಿಲ್ಲ. ವಲಸೆ ಪ್ರಕರಣಗಳಲ್ಲಿ ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಇನ್ನು ಅಂತಿಮ ಆದೇಶಕ್ಕೂ ಮೊದಲಿನ ಬಂಧನ, ಅಂದರೆ ಕೇಸು ನಡೆಯುತ್ತಿರುವಾಗಿನದು, ಬೇರೆ ಸೆಕ್ಷನ್ನುಗಳ ಕೆಳಗೆ ಬರುತ್ತದೆ. ಅಲ್ಲಿ ಆರು ತಿಂಗಳ ಗೆರೆಯನ್ನೂ ಓದಿಕೊಳ್ಳಲಾಗದು ಎಂದು 2018ರ ತೀರ್ಪಿದೆ.

ಈಗ ಭಾರತೀಯರ ಮಾತು. 2024ರ ನವೆಂಬರಿನಲ್ಲಿ ಅಮೆರಿಕದ ವಲಸೆ ಜಾರಿ ಸಂಸ್ಥೆಯಾದ ಐಸ್ ತಯಾರಿಸಿದ ಪಟ್ಟಿಯಲ್ಲಿ, ಅಂತಿಮ ಆದೇಶವಾಗಿ ಬಂಧನದ ಹೊರಗಿದ್ದ ಭಾರತೀಯರು ಸುಮಾರು 18,000. ಪ್ರಜೆಗಳನ್ನು ವಾಪಸ್ ಪಡೆಯಲು ಸಹಕರಿಸದ ದೇಶಗಳ ಸಾಲಿನಲ್ಲಿ ಆಗ ಭಾರತದ ಹೆಸರೂ ಇತ್ತು. ಕೆಲವೇ ತಿಂಗಳಲ್ಲಿ ಚಿತ್ರ ಬದಲಾಯಿತು. 2025ರ ಫೆಬ್ರುವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಜನರನ್ನು ಕೈಕಾಲಿಗೆ ಸಂಕೋಲೆ ಹಾಕಿ ಅಮೃತಸರಕ್ಕೆ ತಂದಿಳಿಸಿದ್ದು ನಿಮಗೆ ನೆನಪಿರಬಹುದು. ರಾಷ್ಟ್ರೀಯತೆ ಖಚಿತವಾದವರನ್ನು ಸೇರಿಸಿಕೊಳ್ಳುತ್ತೇವೆ ಎಂಬುದು ಭಾರತ ಸರ್ಕಾರದ ನಿಲುವು. ಹಾಗಾಗಿ ‘ನನ್ನನ್ನು ಕಳಿಸುವ ಸಾಧ್ಯತೆಯೇ ಇಲ್ಲ’ ಎಂದು ಭಾರತೀಯನೊಬ್ಬ ವಾದಿಸಿದರೆ ಸರ್ಕಾರಿ ವಕೀಲರು ವಿಮಾನಗಳ ಪಟ್ಟಿಯನ್ನೇ ಮುಂದಿಡುತ್ತಾರೆ. ಅದೇ ತಿಂಗಳು ಕೆಲವು ಭಾರತೀಯರನ್ನು ಪನಾಮಾಕ್ಕೂ ಕೋಸ್ಟರಿಕಕ್ಕೂ ಸಾಗಿಸಿದರು. ಮೂರನೆಯ ದೇಶಕ್ಕೆ ಕಳಿಸುವ ಈ ದಾರಿ ತೆರೆದ ಮೇಲೆ, ಸ್ವಂತ ದೇಶ ಬೇಡವೆಂದ ಮಾತ್ರಕ್ಕೆ ಬಿಡುಗಡೆ ಎಂಬ ವಾದವೂ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ನಿಮ್ಮ ಹುಡುಗನ ಕಷ್ಟಕ್ಕೆ ಜಾಡ್ವಿಡಾಸನ ಕತೆಗಿಂತ ಹತ್ತಿರದ್ದು ನಾಲ್ಕು ದಶಕ ಹಿಂದಿನ ಒಂದು ಇಂಗ್ಲಿಷ್ ಪ್ರಕರಣ. ಹರ್ದಿಯಾಲ್ ಸಿಂಗ್ ಎಂಬ ಭಾರತೀಯ ಕಳವಿನ ಅಪರಾಧಕ್ಕೆ ಬ್ರಿಟನ್ನಿನ ಡರ್ಹಮ್ ಜೈಲಿನಲ್ಲಿದ್ದ. 1983ರ ಜುಲೈನಲ್ಲಿ ಅವನು ಹೊರಗೆ ಬರಬೇಕಿತ್ತು. ಗಡೀಪಾರಿನ ಆದೇಶ ಇದ್ದದ್ದರಿಂದ ಬಿಡಲಿಲ್ಲ. ಕಳಿಸಬೇಕಾದ ದೇಶ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಪ್ರಯಾಣದ ಕಾಗದ ಆಗಲಿಲ್ಲ, ಡಿಸೆಂಬರ್ ಬಂದರೂ ಅವನು ಜೈಲಿನಲ್ಲೇ ಇದ್ದ. ಕೇಸು ಕೇಳಿದವರು ನ್ಯಾಯಮೂರ್ತಿ ವುಲ್ಫ್, ಮುಂದೆ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿಯಾದವರು. ಕಳಿಸುವ ಉದ್ದೇಶಕ್ಕಲ್ಲದೆ ಬೇರಾವುದಕ್ಕೂ ಈ ಅಧಿಕಾರ ಬಳಸುವಂತಿಲ್ಲ, ಅದಕ್ಕೆ ಬೇಕಾಗುವಷ್ಟು ಸಮಂಜಸ ಅವಧಿಗಿಂತ ಹೆಚ್ಚು ಹಿಡಿದಿಡುವಂತಿಲ್ಲ, ಆ ಅವಧಿಯಲ್ಲೂ ಅಧಿಕಾರಿಗಳು ಚುರುಕಾಗಿ ಕೆಲಸ ಮಾಡುತ್ತಿರಬೇಕು ಎಂದು ಅವರು ಹೇಳಿದರು. ಸರ್ಕಾರಕ್ಕೆ ಮೂರು ದಿನ ಕೊಟ್ಟರು. ಅಷ್ಟರಲ್ಲಿ, ಇವನನ್ನು ಬಹುಬೇಗ ಕಳಿಸುತ್ತೇವೆ ಎಂದು ತೋರಿಸಬೇಕು, ಇಲ್ಲವಾದರೆ ಬಿಡಬೇಕು. ಬ್ರಿಟನ್ನಿನಲ್ಲಿ ವಲಸೆ ಬಂಧನಕ್ಕೆ ಇಂತಿಷ್ಟೇ ದಿನ ಎಂಬ ಸಾಮಾನ್ಯ ಮಿತಿ ಇವತ್ತಿಗೂ ಇಲ್ಲ. ಇರುವುದು ಹರ್ದಿಯಾಲ್ ಸಿಂಗ್ ಹೆಸರಿನ ಈ ಸೂತ್ರಗಳು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇವನ್ನು ಮತ್ತೆ ಎತ್ತಿಹಿಡಿಯಿತು.

ನಾನು ಈ ಪ್ರಕರಣಕ್ಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ಅಮೆರಿಕದ ಕೋರ್ಟ್ ಕೇಳುವ ಮುಖ್ಯ ಪ್ರಶ್ನೆ, ಇವನನ್ನು ಕಳಿಸುವ ಸಾಧ್ಯತೆ ಇದೆಯೇ ಎಂಬುದು. ವುಲ್ಫ್ ಅದರ ಜೊತೆಗೆ, ಕಳಿಸಬೇಕಾದವರು ಇಷ್ಟು ದಿನ ಏನು ಮಾಡುತ್ತಿದ್ದರು ಎಂದೂ ಕೇಳಿದರು. ಹೋಗಲು ಸಿದ್ಧನಿರುವವನನ್ನು, ಸೇರಿಸಿಕೊಳ್ಳುವ ದೇಶ ಇರುವವನನ್ನು, ಯಾರೋ ಒಂದು ಅರ್ಜಿ ಕಳಿಸಲಿಲ್ಲ ಎಂಬುದಕ್ಕೆ ತಿಂಗಳುಗಟ್ಟಲೆ ಕೂಡಿಹಾಕುವುದು ಅನ್ಯಾಯ. ಎರಡನೆಯ ಪ್ರಶ್ನೆ ಕೇಳದ ಕಾನೂನು ಅಂಥವನ ಕೈ ಹಿಡಿಯುವುದಿಲ್ಲ.

ಬೇರೆ ದೇಶಗಳಲ್ಲಿ ಅಂಕಿಗಳು ಬೇರೆ. ಐರೋಪ್ಯ ಒಕ್ಕೂಟದ 2008ರ ನಿರ್ದೇಶನದಲ್ಲಿ ಆರು ತಿಂಗಳು, ವಿಶೇಷ ಸಂದರ್ಭದಲ್ಲಿ ಮತ್ತೆ ಹನ್ನೆರಡು, ಒಟ್ಟು 18 ತಿಂಗಳು. ಅದು ಮುಗಿದರೆ ಕೈಯಲ್ಲಿ ದಾಖಲೆ ಇಲ್ಲದಿದ್ದರೂ ಬಿಡಲೇಬೇಕು ಎಂದು ಬಲ್ಗೇರಿಯಾದಲ್ಲಿ ಬಂಧಿತನಾಗಿದ್ದ ಕಾದ್ಜೋಯೆವ್ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ 2009ರಲ್ಲಿ ಹೇಳಿತು. ಆಸ್ಟ್ರೇಲಿಯಾ 2004ರಲ್ಲಿ, ದೇಶವೇ ಇಲ್ಲದ ಮನುಷ್ಯನನ್ನು ಕೊನೆಯಿಲ್ಲದೆ ಹಿಡಿದಿಡಬಹುದು ಎಂದು ನಾಲ್ಕು–ಮೂರರ ಬಹುಮತದಲ್ಲಿ ತೀರ್ಪು ಕೊಟ್ಟಿತು. ಹತ್ತೊಂಬತ್ತು ವರ್ಷ ಆದ ಮೇಲೆ, 2023ರ ನವೆಂಬರಿನಲ್ಲಿ, ರೋಹಿಂಗ್ಯಾ ಒಬ್ಬನ ಪ್ರಕರಣದಲ್ಲಿ ಅದೇ ಹೈಕೋರ್ಟ್ ತನ್ನ ಹಳೆಯ ತೀರ್ಪನ್ನು ಅಳಿಸಿಹಾಕಿತು. ನೂರಕ್ಕೂ ಹೆಚ್ಚು ಜನ ಹೊರಗೆ ಬಂದರು.

ನಮ್ಮಲ್ಲಿ ಹೇಗೆ ಎಂದು ಕೇಳಿದ್ದೀರಿ. 1946ರ ವಿದೇಶೀಯರ ಕಾಯ್ದೆಯಲ್ಲಿ ಗಡೀಪಾರಿಗೆ ಮುಂಚಿನ ಬಂಧನಕ್ಕೆ ಕೊನೆಯ ದಿನ ಎಂಬುದಿರಲಿಲ್ಲ. 2025ರ ಸೆಪ್ಟೆಂಬರ್ 1ರಿಂದ ಅದರ ಜಾಗಕ್ಕೆ ಬಂದ ವಲಸೆ ಮತ್ತು ವಿದೇಶೀಯರ ಕಾಯ್ದೆಯೂ ಈ ವಿಷಯದಲ್ಲಿ ನಿಶ್ಚಿತ ಮಿತಿ ಹಾಕಿಲ್ಲ. ಇದ್ದದ್ದೆಲ್ಲ ಕೋರ್ಟಿನಿಂದ ಬಂದದ್ದು, ಅದೂ ಮುಖ್ಯವಾಗಿ ಅಸ್ಸಾಮಿಗೆ ಸಂಬಂಧಿಸಿ. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಲ್ಲಿನ ಬಂಧನ ಕೇಂದ್ರಗಳಲ್ಲಿ ಮೂರು ವರ್ಷ ಕಳೆದವರನ್ನು ಷರತ್ತಿನ ಮೇಲೆ ಬಿಡಬಹುದು ಎಂದಿತು. ಒಂದೊಂದು ಲಕ್ಷ ರೂಪಾಯಿಗೆ ಇಬ್ಬರು ಭಾರತೀಯರ ಶ್ಯೂರಿಟಿ, ಬೆರಳಚ್ಚು, ವಾರಕ್ಕೊಮ್ಮೆ ಪೊಲೀಸ್ ಠಾಣೆಯಲ್ಲಿ ಹಾಜರಿ. ಕೂಲಿ ಮಾಡಿ ಬದುಕುವ ಮನೆಯವರು ಎರಡು ಲಕ್ಷದ ಶ್ಯೂರಿಟಿ ಎಲ್ಲಿಂದ ತಂದಾರು? ಕೋವಿಡ್ ಬಂದಾಗ, 2020ರ ಏಪ್ರಿಲಿನಲ್ಲಿ, ಮೂರು ವರ್ಷ ಎರಡಕ್ಕೆ ಇಳಿಯಿತು, ಶ್ಯೂರಿಟಿ ಐದು ಸಾವಿರಕ್ಕೆ. 2025ರ ಫೆಬ್ರುವರಿಯಲ್ಲಿ ಗೋಲ್‌ಪಾರಾ ಜಿಲ್ಲೆಯ ಮಾಟಿಯಾ ಕೇಂದ್ರದಲ್ಲಿದ್ದ 63 ಜನರ ವಿಷಯ ಬಂದಾಗ, ಅವರ ವಿದೇಶದ ವಿಳಾಸ ಗೊತ್ತಿಲ್ಲದ್ದರಿಂದ ಕಳಿಸಲಾಗಿಲ್ಲ ಎಂದು ಅಸ್ಸಾಂ ಸರ್ಕಾರ ಹೇಳಿತು. ಮುಹೂರ್ತಕ್ಕಾಗಿ ಕಾಯುತ್ತಿದ್ದೀರಾ ಎಂದು ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಕೇಳಿತು. ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೊಟ್ಟಿರುವುದು ಪ್ರಜೆಗಳಿಗೆ ಮಾತ್ರವಲ್ಲ, ‘ಯಾವುದೇ ವ್ಯಕ್ತಿ’ಗೆ. ಕರ್ನಾಟಕದಲ್ಲೂ ಇಂಥದೊಂದು ಕೇಂದ್ರ 2020ರ ಆರಂಭದಲ್ಲಿ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಶುರುವಾಯಿತು, ಸಮಾಜ ಕಲ್ಯಾಣ ಇಲಾಖೆಯ ಹಳೆಯ ಹಾಸ್ಟೆಲ್ ಕಟ್ಟಡದಲ್ಲಿ. ಟೆಕ್ಸಾಸಿನಲ್ಲಿರುವ ನಮ್ಮ ಹುಡುಗನ ಬಗ್ಗೆ ನಾವು ಕೇಳುವ ಪ್ರಶ್ನೆಯನ್ನು ಅಲ್ಲಿ ಇರಿಸಲ್ಪಟ್ಟವರ ತಾಯಂದಿರೂ ತಮ್ಮ ತಮ್ಮ ದೇಶದಲ್ಲಿ ಕೇಳುತ್ತಿರುತ್ತಾರೆ. ನಮ್ಮ ಸುಪ್ರೀಂ ಕೋರ್ಟ್ ಹಾಕಿದ ಎರಡು ವರ್ಷದ ಗೆರೆ ನನಗೆ ತೀರಾ ಉದ್ದವಾಗಿ ಕಾಣುತ್ತದೆ.

ಈಗ ನೀವು ಮಾಡಬೇಕಾದದ್ದು. ಅವನ ‘ಎ–ನಂಬರ್’ ನಿಮ್ಮ ಹತ್ತಿರ ಇರಲಿ. ಎ ಅಕ್ಷರದ ಮುಂದೆ ಒಂಬತ್ತು ಅಂಕಿ, ಅವನಿಗೆ ಕೊಟ್ಟ ನೋಟಿಸಿನ ಮೇಲೇ ಇರುತ್ತದೆ. ಅದನ್ನೂ ಹುಟ್ಟಿದ ದೇಶವನ್ನೂ ಹಾಕಿದರೆ ಅವನು ಯಾವ ಕೇಂದ್ರದಲ್ಲಿದ್ದಾನೆ ಎಂದು ಐಸ್‌ನ ವೆಬ್‌ಸೈಟಿನಲ್ಲಿ ಗೊತ್ತಾಗುತ್ತದೆ. ಜಾಗ ಬದಲಾಯಿಸುತ್ತಲೇ ಇರುತ್ತಾರೆ, ಆಗಾಗ ನೋಡುತ್ತಿರಿ. ಆದೇಶ ಅಂತಿಮವಾದ ದಿನ ಯಾವುದು ಎಂದು ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಅವನಿಗೆ ಐ–229(ಎ) ಎಂಬ ಫಾರಂ ಕೊಟ್ಟಿರುತ್ತಾರೆ. ಪಾಸ್‌ಪೋರ್ಟ್ ಒಪ್ಪಿಸು, ದೂತಾವಾಸಕ್ಕೆ ಅರ್ಜಿ ಹಾಕು ಎಂದೆಲ್ಲ ಅವನು ಮಾಡಬೇಕಾದ ಕೆಲಸಗಳ ಪಟ್ಟಿ ಅದರ ಜೊತೆಗಿರುತ್ತದೆ. ಒಂದೊಂದನ್ನೂ ಮಾಡಿದ್ದಕ್ಕೆ ತಾರೀಖು ಸಮೇತ ಪ್ರತಿ ಇಟ್ಟುಕೊಳ್ಳಲಿ. ಮುಂದೆ ಕೋರ್ಟಿಗೆ ಹೋದರೆ ‘ಇವನೇ ಸಹಕರಿಸಲಿಲ್ಲ’ ಎಂಬ ಆರೋಪಕ್ಕೆ ಆ ಕಾಗದಗಳೇ ಉತ್ತರ. ತೊಂಬತ್ತು ದಿನದ ಹೊತ್ತಿಗೆ ಐಸ್ ತಾನೇ ಅವನ ಬಂಧನವನ್ನು ಪರಿಶೀಲಿಸಬೇಕು, ಅದಕ್ಕೆ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಬಿಡುಗಡೆಯಾದರೆ ಯಾರ ಮನೆಯಲ್ಲಿ ಇರುತ್ತಾನೆ ಎಂಬ ಪತ್ರವನ್ನು ಆಗಲೇ ಕೊಡಬೇಕು.

ಪಾಸ್‌ಪೋರ್ಟಿನ ಅವಧಿ ಮುಗಿದಿದ್ದರೆ ಅಥವಾ ಅದು ಕಳೆದಿದ್ದರೆ ಭಾರತೀಯ ದೂತಾವಾಸ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ, ಒಂದು ಸಲ ಭಾರತಕ್ಕೆ ಬರಲು ಮಾತ್ರ ಸಲ್ಲುವ ದಾಖಲೆ. ಅದಕ್ಕೆ ಮೊದಲು ಅವನು ಭಾರತೀಯನೇ ಎಂದು ಖಚಿತವಾಗಬೇಕು. ಹಳೆಯ ದಾಖಲೆ ಸಿಗದಿದ್ದರೆ ಆ ವಿಚಾರಣೆ ಊರಿನ ಪೊಲೀಸರವರೆಗೂ ಬರುತ್ತದೆ. ತಡ ಆಗುವುದು ಹೆಚ್ಚಾಗಿ ಇಲ್ಲೇ, ನೀವು ಕೈಹಾಕಬಹುದಾದದ್ದೂ ಇಲ್ಲೇ. ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್, ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಅವನ ಹೆಸರಿರುವ ರೇಷನ್ ಕಾರ್ಡ್, ಇವನ್ನೆಲ್ಲ ಒಟ್ಟುಮಾಡಿ ಅವನ ವಕೀಲರಿಗೂ ದೂತಾವಾಸಕ್ಕೂ ಕಳಿಸಿ. ಟೆಕ್ಸಾಸ್ ಸೇರುವುದು ಹ್ಯೂಸ್ಟನ್‌ನಲ್ಲಿರುವ ಭಾರತೀಯ ಕಾನ್ಸುಲೇಟಿನ ವ್ಯಾಪ್ತಿಗೆ. ಮನೆಗೆ ಪೊಲೀಸರು ವಿಚಾರಣೆಗೆ ಬಂದರೆ ಗಾಬರಿಯಾಗಬೇಡಿ, ಕೆಲಸ ಮುಂದೆ ಹೋಗುತ್ತಿದೆ ಎಂದು ತಿಳಿಯಿರಿ. ಒಂದು ಎಚ್ಚರಿಕೆ: ಭಾರತಕ್ಕೆ ಬಂದರೆ ಜೀವಭಯವಿದೆ ಎಂದು ಆಶ್ರಯ ಕೋರಿ ಹೋರಾಡುತ್ತಿರುವವರು ವಕೀಲರನ್ನು ಕೇಳದೆ ದೂತಾವಾಸಕ್ಕೆ ಹೋಗಬಾರದು. ನಿಮ್ಮ ಹುಡುಗ ಬರಲು ಒಪ್ಪಿರುವುದರಿಂದ ಈ ಮಾತು ಅವನಿಗೆ ಅನ್ವಯವಾಗದು.

ಇಷ್ಟಾದರೂ ಆರು ತಿಂಗಳು ದಾಟಿದರೆ, ಬಂಧನವನ್ನೇ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ. ಅವನು ಇರುವ ಕೇಂದ್ರ ಯಾವ ಫೆಡರಲ್ ಜಿಲ್ಲಾ ಕೋರ್ಟಿನ ವ್ಯಾಪ್ತಿಗೆ ಸೇರುತ್ತದೋ ಅಲ್ಲಿಗೇ ಹಾಕಬೇಕು, ಗಡೀಪಾರು ಆದೇಶ ಮಾಡಿದ ವಲಸೆ ಕೋರ್ಟಿಗಲ್ಲ. ಶುಲ್ಕ ಐದು ಡಾಲರ್. ಎಒ 242 ಎಂಬ ಸಿದ್ಧ ಫಾರಂ ಇದೆ, ವಕೀಲರಿಲ್ಲದೆಯೂ ತುಂಬಬಹುದು. ವಕೀಲರಿದ್ದರೆ ಒಳ್ಳೆಯದು, ಆದರೆ ವಕೀಲರಂತೆ ಮಾತಾಡಿ ದುಡ್ಡು ಕೀಳುವ ಏಜೆಂಟರಿಂದ ದೂರವಿರಿ, ಇಲ್ಲಿಯವರಾಗಲಿ ಅಲ್ಲಿಯವರಾಗಲಿ. ಯಾವ ದಿನ ದೂತಾವಾಸಕ್ಕೆ ಅರ್ಜಿ ಹೋಯಿತು, ಎಷ್ಟು ಸಲ ವಿಚಾರಿಸಿದರು, ಏನು ಉತ್ತರ ಬಂತು ಎಂದು ಆ ಅರ್ಜಿಯಲ್ಲಿ ಬರೆಯಬೇಕು. ಅರ್ಜಿ ದಾಖಲಾದ ಮೇಲೆ, ಅಲ್ಲಿಯವರೆಗೆ ಅಲುಗಾಡದಿದ್ದ ಫೈಲು ಚಲಿಸಿ ವಿಮಾನದ ದಿನ ಗೊತ್ತಾಗುವುದೂ ಉಂಟು. ನಿಮ್ಮ ಹುಡುಗನಿಗೆ ಬೇಕಾಗಿರುವುದು ಅದೇ ಆದ್ದರಿಂದ, ಅಂತಿಮ ಆದೇಶದ ದಿನದಿಂದ ಐದು ತಿಂಗಳಾಗುವಷ್ಟರಲ್ಲಿ ಆ ಫಾರಂ ತುಂಬಿಸಿ ಇಟ್ಟಿರಿ.